‘ಅದೇ ಇದು’: ರೋಬೋಟೆಕ್ ಮತ್ತು ಪ್ರತ್ಯಭಿಜ್ಞೆಯ ಪ್ರಶ್ನೆ

ಬಾಲ್ಯದಲ್ಲಿ ಮೆಚ್ಚಿ ನೋಡಿದ ಅನಿಮೆ ಧಾರಾವಾಹಿಯೊಂದನ್ನು ನಡುವಯಸ್ಸಿನಲ್ಲಿ ಮತ್ತೆ ನೋಡಲು ಕುಳಿತವರಲ್ಲಿ ಮೊದಲು ಹುಟ್ಟುವುದು ‘ಅದೇ ಇದು’ ಎಂಬ ಅರಿವು. ಭಾರತೀಯ ದರ್ಶನಗಳು ಇದನ್ನು ಪ್ರತ್ಯಭಿಜ್ಞೆ ಎನ್ನುತ್ತವೆ. ಹಿಂದೆಂದೋ ಒಂದೂರಿನಲ್ಲಿ ಕಂಡ ದೇವದತ್ತನನ್ನು ಇಂದು ಇನ್ನೊಂದೂರಿನಲ್ಲಿ ಕಂಡು ‘ಅವನೇ ಇವನು’ ಎನ್ನುವುದು ಇದಕ್ಕೆ ಶಾಸ್ತ್ರಗಳು ಕೊಡುವ ಹಳೆಯ ಉದಾಹರಣೆ. ‘ಅವನು’ ಎಂಬುದು ನೆನಪಿನ ಮಾತು, ‘ಇವನು’ ಎಂಬುದು ಕಣ್ಣಿನ ಮಾತು. ಎರಡನ್ನೂ ಬೆಸೆದು ಒಂದೆನ್ನುವ ಅಧಿಕಾರ ಯಾರದು ಎಂಬುದರ ಬಗ್ಗೆ ಬೌದ್ಧರು, ನೈಯಾಯಿಕರು, ವೇದಾಂತಿಗಳು ಶತಮಾನಗಳ ಕಾಲ ವಾದಿಸಿದ್ದಾರೆ. ದೇವದತ್ತನ ಜಾಗದಲ್ಲಿ ಕಾರ್ಟೂನನ್ನು ಇಟ್ಟರೆ ವಾದ ಹಗುರವಾಗುತ್ತದೆ ಎಂದುಕೊಳ್ಳಬಾರದು. ಲಾಸ್ ಏಂಜಲೀಸ್‌ನಲ್ಲಿ ಸಿದ್ಧವಾದ ‘ರೋಬೋಟೆಕ್’ ಧಾರಾವಾಹಿಯ ವಿಷಯದಲ್ಲಂತೂ ಅದು ಇನ್ನಷ್ಟು ಬಿಗಿಯಾಗುತ್ತದೆ. ಅಲ್ಲಿ ‘ಅದು’ ಯಾವುದು ಎಂಬುದೇ ತಕರಾರಿನಲ್ಲಿದೆ.

ರೋಬೋಟೆಕ್ ಅಮೆರಿಕದ ಟಿವಿಗಳಲ್ಲಿ ಮೂಡಿದ್ದು 1985ರ ಮಾರ್ಚ್‌ನಲ್ಲಿ. ಅದನ್ನು ತಂದದ್ದು ಲಾಸ್ ಏಂಜಲೀಸಿನ ಸನ್‌ಸೆಟ್ ಬುಲೆವಾರ್ಡ್‌ನಲ್ಲಿರುವ ಹಾರ್ಮನಿ ಗೋಲ್ಡ್ ಸಂಸ್ಥೆ. ನಿರ್ಮಾಪಕ ಕಾರ್ಲ್ ಮೇಸೆಕ್. ಕೈಯಲ್ಲಿದ್ದದ್ದು 1982ರ ಜಪಾನಿ ಧಾರಾವಾಹಿ ‘ಮ್ಯಾಕ್ರೋಸ್’, ಒಟ್ಟು 36 ಕಂತು. ಆದರೆ ಸ್ಥಳೀಯ ಟಿವಿ ಕೇಂದ್ರಗಳು ವಾರಕ್ಕೆ ಐದು ದಿನದಂತೆ ಹದಿಮೂರು ವಾರ ಓಡುವ ಸರಕು ಕೇಳುತ್ತಿದ್ದವು, ಅಂದರೆ ಕನಿಷ್ಠ 65 ಕಂತು. ಕೊರತೆ ತುಂಬಲು ಮೇಸೆಕ್ ಮ್ಯಾಕ್ರೋಸ್‌ಗೆ ಯಾವ ಸಂಬಂಧವೂ ಇಲ್ಲದ ಇನ್ನೆರಡು ಜಪಾನಿ ಧಾರಾವಾಹಿಗಳನ್ನು ಜೋಡಿಸಿದರು: 1984ರ ‘ಸದರ್ನ್ ಕ್ರಾಸ್’, 23 ಕಂತು, 1983ರ ‘ಮೊಸ್ಪೀಡಾ’, 25 ಕಂತು. ನಡುವೆ ಬೆಸುಗೆಗೆಂದು ಹಳೆಯ ದೃಶ್ಯಗಳಿಂದಲೇ ಒಂದು ಕಂತನ್ನು ಕಟ್ಟಲಾಯಿತು. ಒಟ್ಟು 85 ಕಂತುಗಳ, ಮೂರು ತಲೆಮಾರುಗಳ ಒಂದು ಮಹಾಕಥೆ ಹೀಗೆ ಹುಟ್ಟಿತು. ಮೂಲದ ಹಿಕಾರು ಇಚಿಜೊ ರಿಕ್ ಹಂಟರ್ ಆದ, ಮಿಸಾ ಹಯಾಸೆ ಲೀಸಾ ಹೇಯ್ಸ್ ಆದಳು. ‘ಪ್ರೋಟೋಕಲ್ಚರ್’ ಎಂಬ ಪದ ಮ್ಯಾಕ್ರೋಸ್‌ನಲ್ಲಿ ಒಂದು ಪ್ರಾಚೀನ ಜನಾಂಗದ ಹೆಸರು. ರೋಬೋಟೆಕ್‌ನಲ್ಲಿ ಅದು ಯಂತ್ರಗಳನ್ನು ಓಡಿಸುವ ಇಂಧನ. ಮೂರು ಕಥೆಗಳಿಗೂ ಒಂದು ಸಮಾನ ದಾರ ಬೇಕಾಗಿತ್ತು. ಒಂದು ಕಥೆಯ ಜನರನ್ನು ಉರುವಲು ಮಾಡಿ ಆ ದಾರ ನೂಲಲಾಯಿತು ಎಂದರೆ ಕೊಂಚ ಕ್ರೂರ ವರ್ಣನೆ, ಆದರೆ ಸುಳ್ಳಲ್ಲ.

ಡಾನಾ ಸ್ಟರ್ಲಿಂಗ್ ಎಂಬ ಪಾತ್ರದಲ್ಲಿ ಈ ಜೋಡಣೆ ಪರಾಕಾಷ್ಠೆ ಮುಟ್ಟುತ್ತದೆ. ಮ್ಯಾಕ್ರೋಸ್‌ನಲ್ಲಿ ಭೂಮಿಯ ಪೈಲಟ್ ಒಬ್ಬನಿಗೂ ಶತ್ರುಪಡೆಯ ವೀರಾಂಗನೆಗೂ ಮದುವೆಯಾಗಿ ಒಂದು ಹೆಣ್ಣುಮಗು ಹುಟ್ಟುತ್ತದೆ. ಸದರ್ನ್ ಕ್ರಾಸ್‌ನ ನಾಯಕಿ ಜೀನ್ ಎಂಬವಳು ಬೇರೊಂದು ಲೋಕದ, ಬೇರೊಂದು ಕಥೆಯ ಹುಡುಗಿ. ರೋಬೋಟೆಕ್‌ನಲ್ಲಿ ಆ ಮಗುವೇ ಬೆಳೆದು ಈ ನಾಯಕಿಯಾದಳು ಎಂದು ಹೇಳಲಾಯಿತು. ಹುಟ್ಟು ಒಬ್ಬಳದು, ಮೈ ಇನ್ನೊಬ್ಬಳದು. ಅಮರುಕ ರಾಜನ ದೇಹ ಹೊಕ್ಕ ಶಂಕರರ ಐತಿಹ್ಯವನ್ನು ಕೇಳಿ ಬೆಳೆದ ಕನ್ನಡಿಗರು ಇದನ್ನು ಪರಕಾಯ ಪ್ರವೇಶ ಎಂದು ಕೂಡಲೇ ಗುರುತಿಸಬಲ್ಲರು. ಅಮೆರಿಕದ ಮಕ್ಕಳಿಗೆ 1985ರಲ್ಲಿ ಅದು ಗೊತ್ತಾಗಲಿಲ್ಲ. ದೊಡ್ಡವರಾದ ಮೇಲೆ ಮೂಲ ಮ್ಯಾಕ್ರೋಸ್ ಡಿವಿಡಿಗಳು 2001ರಲ್ಲಿ ಇಂಗ್ಲಿಷ್ ಅಡಿಬರಹದೊಂದಿಗೆ ಬಂದಾಗ, ತಾವು ಪ್ರೀತಿಸಿದ್ದು ಒಂದಲ್ಲ ಮೂರು, ಅವುಗಳಲ್ಲಿ ಒಂದಕ್ಕೂ ಇನ್ನೊಂದರ ಪರಿಚಯವಿಲ್ಲ ಎಂಬುದನ್ನು ಅನೇಕರು ತೆರೆಯ ಮೇಲೇ ಕಂಡರು.

ಇಂಥ ಕ್ಷಣಕ್ಕೆಂದೇ ಬರೆದಂತಿರುವ ಸಂವಾದವೊಂದು ಬೌದ್ಧರ ‘ಮಿಲಿಂದಪಞ್ಹ’ದಲ್ಲಿದೆ. ಗ್ರೀಕ್ ಮೂಲದ ರಾಜ ಮಿಲಿಂದನನ್ನು ಭಿಕ್ಷು ನಾಗಸೇನ ರಥದ ಬಗ್ಗೆ ಕೇಳುತ್ತಾನೆ: ಗಾಲಿ ರಥವೇ, ಅಚ್ಚು ರಥವೇ, ನೊಗ ರಥವೇ? ಯಾವುದೂ ಅಲ್ಲವಾದರೆ ರಥ ಎಂಬುದು ಬಿಡಿ ಭಾಗಗಳು ಕೂಡಿದಾಗ ಬಳಸುವ ಹೆಸರು ಮಾತ್ರ. ರೋಬೋಟೆಕ್ ಕೂಡ ಹೀಗೆಯೇ. ಬಿಡಿಸಿದರೆ ಮ್ಯಾಕ್ರೋಸ್ ಸಿಗುತ್ತದೆ, ಸದರ್ನ್ ಕ್ರಾಸ್ ಸಿಗುತ್ತದೆ, ಮೊಸ್ಪೀಡಾ ಸಿಗುತ್ತದೆ, ರೋಬೋಟೆಕ್ ಸಿಗುವುದಿಲ್ಲ. ಆದರೆ ನಾಗಸೇನ ರಥವನ್ನು ಸುಳ್ಳು ಎನ್ನಲಿಲ್ಲ ಎಂಬುದನ್ನು ಮರೆಯಬಾರದು. ರಾಜ ಬಂದದ್ದು ಆ ರಥದಲ್ಲೇ. ಬಿಡಿ ಭಾಗಗಳಿಗೆ ಮೂಲವಿದೆ ಎಂದ ಮಾತ್ರಕ್ಕೆ ಕೂಡಿಸಿದ್ದು ಜನರನ್ನು ಒಯ್ಯಲಾರದು ಎಂದಾಗುವುದಿಲ್ಲ.

ಮೂಲನಿಷ್ಠರಾದ ಅಭಿಮಾನಿಗಳು ಮೇಸೆಕ್ ಅವರನ್ನು ಕೊನೆಯವರೆಗೂ ಕ್ಷಮಿಸಲಿಲ್ಲ. ಮೇಸೆಕ್ 2010ರಲ್ಲಿ ತೀರಿಕೊಂಡರು. ಕನ್ನಡದ ಓದುಗರಿಗೆ ಈ ಸಿಟ್ಟು ತುಸು ವಿಚಿತ್ರವಾಗಿ ಕಾಣಬಹುದು. ನಾಗಚಂದ್ರನ ‘ರಾಮಚಂದ್ರಚರಿತಪುರಾಣ’ದಲ್ಲಿ ರಾವಣನನ್ನು ಕೊಲ್ಲುವುದು ರಾಮನಲ್ಲ, ಲಕ್ಷ್ಮಣ. ಪಂಪನ ಭಾರತದಲ್ಲಿ ಅರ್ಜುನನ ಮೈಯಲ್ಲಿ ಚಾಲುಕ್ಯ ಅರಿಕೇಸರಿ ಕುಳಿತಿದ್ದಾನೆ. ಇದೂ ಒಂದು ಪರಕಾಯ ಪ್ರವೇಶ. ಮೈಸೂರಿನಲ್ಲಿ ಹುಟ್ಟಿ ಷಿಕಾಗೋದಲ್ಲಿ ಪಾಠ ಹೇಳಿದ ಎ. ಕೆ. ರಾಮಾನುಜನ್, ರಾಮಾಯಣದ ನೂರಾರು ರೂಪಗಳನ್ನು ಮೂಲ ಮತ್ತು ಅಪಭ್ರಂಶ ಎಂದು ವಿಂಗಡಿಸಬೇಕಿಲ್ಲ ಎಂದು ತಮ್ಮ ಹೆಸರಾಂತ ಪ್ರಬಂಧದಲ್ಲಿ ವಾದಿಸಿದ್ದರು. ಆದರೂ ಈ ಮರುಕಥನಗಳಿಗೂ ರೋಬೋಟೆಕ್‌ಗೂ ನಡುವೆ ಒಂದು ವ್ಯತ್ಯಾಸವಿದೆ. ಪಂಪನ ಕೇಳುಗರಿಗೆ ವ್ಯಾಸನ ಕಥೆ ಮೊದಲೇ ಗೊತ್ತಿತ್ತು. ಬದಲಾವಣೆ ಬದಲಾವಣೆಯಾಗಿಯೇ ಕಾಣುತ್ತಿತ್ತು. 1985ರ ಮಗುವಿಗೆ ಹೋಲಿಸಲು ಇನ್ನೊಂದು ಪಾಠ ಇರಲಿಲ್ಲ. ಅದಕ್ಕೆ ಆದದ್ದು ಮೋಸವಲ್ಲದಿರಬಹುದು, ಆದರೆ ಮರುಕಥನವನ್ನು ಮರುಕಥನವೆಂದು ತಿಳಿದು ಸವಿಯುವ ಸುಖವಂತೂ ತಪ್ಪಿತು. ಆ ಸುಖ ದಕ್ಕುವುದು ಎರಡನೆಯ ನೋಟದಲ್ಲಿ.

ಇಂಥ ತೊಡಕು ಅಮೆರಿಕದ ಮಕ್ಕಳಿಗಷ್ಟೇ ಮೀಸಲಲ್ಲ. 1993ರ ಸುಮಾರಿಗೆ ಭಾನುವಾರದ ದೂರದರ್ಶನದಲ್ಲಿ ಮೋಗ್ಲಿಯನ್ನು ಕಂಡು ಬೆಳೆದ ಕನ್ನಡಿಗರ ಪಾಲಿಗೆ ಅದು ಇಂಗ್ಲಿಷ್ ಲೇಖಕನ ಕಥೆ, ಜಪಾನಿನ ನಿಪ್ಪಾನ್ ಅನಿಮೇಷನ್ ಬರೆದ ಚಿತ್ರ, ಹಿಂದಿಯ ಮಾತು ಮತ್ತು ಗುಲ್ಜಾರರ ಹಾಡು. ಶಿವಮೊಗ್ಗದ ಮನೆಯಲ್ಲೋ ಹುಬ್ಬಳ್ಳಿಯ ಮನೆಯಲ್ಲೋ ಅದನ್ನು ನೋಡಿದವರು ಈಗ ಸ್ಯಾನ್ ಡಿಯಾಗೊದಲ್ಲಿ ಮಕ್ಕಳಿಗೆ ತೋರಿಸಲು ಹುಡುಕಿದರೆ ಸಿಗುವ ಇಂಗ್ಲಿಷ್ ಪ್ರತಿಯಲ್ಲಿ ಚಿತ್ರ ಅದೇ, ಶೇರ್ ಖಾನ್ ಮಾತ್ರ ಬೇರೆ. ನಾನಾ ಪಾಟೇಕರ್ ದನಿಯಿಲ್ಲದ ಹುಲಿಗೆ ಹಲ್ಲೇ ಇಲ್ಲವೆನಿಸುತ್ತದೆ. ಇವರ ‘ಮೂಲ’ ಇದ್ದದ್ದು ಡಬ್ಬಿಂಗ್‌ನಲ್ಲಿ.

ನೋಡಿದ ವಸ್ತುವಿನ ಮಾತು ಇಷ್ಟು. ನೋಡುವವನ ಗತಿ ಏನು? ಕ್ಷಣಿಕವಾದಿ ಬೌದ್ಧರ ಪ್ರಕಾರ ಅವನ ಪಾಡೂ ರಥದ ಪಾಡೇ. ರಾತ್ರಿಯಿಡೀ ಉರಿದ ದೀಪದ ಕುಡಿ ಒಂದೇ ಎಂದು ತೋರುತ್ತದೆ, ಆದರೆ ಪ್ರತಿ ಕ್ಷಣದ ಉರಿ ಹೊಸದು. ಹೋಲಿಕೆಯನ್ನು ನಾವು ಏಕತೆ ಎಂದು ತಪ್ಪಾಗಿ ತಿಳಿಯುತ್ತೇವೆ. ಈ ವಾದಕ್ಕೆ ಅನಿಮೇಷನ್‌ಗಿಂತ ಒಳ್ಳೆಯ ದೃಷ್ಟಾಂತವನ್ನು ನಾಗಸೇನನೂ ಹುಡುಕಲಾರದೆ ಹೋಗುತ್ತಿದ್ದ. ಫಿಲ್ಮಿನಲ್ಲಿ ಸೆಕೆಂಡಿಗೆ 24 ಚೌಕಟ್ಟು ಓಡುತ್ತವೆ. ತೆಜುಕಾ ಒಸಾಮು 1963ರಲ್ಲಿ ‘ಆಸ್ಟ್ರೋ ಬಾಯ್’ ತಯಾರಿಸಿದಂದಿನಿಂದ ಜಪಾನಿನ ಟಿವಿ ಅನಿಮೆ ಖರ್ಚು ಉಳಿಸಲು ಒಂದೇ ಚಿತ್ರವನ್ನು ಎರಡು ಮೂರು ಚೌಕಟ್ಟು ಹಿಡಿದಿಡುವುದನ್ನು ರೂಢಿ ಮಾಡಿಕೊಂಡಿತು. ಅಂದರೆ ಸೆಕೆಂಡಿಗೆ ಎಂಟೋ ಹನ್ನೆರಡೋ ಚಿತ್ರ. ಯಾವ ಚಿತ್ರದಲ್ಲೂ ರಿಕ್ ಹಂಟರ್ ಕದಲುವುದಿಲ್ಲ. ಒಂದು ಚಿತ್ರದ ರಿಕ್‌ಗೂ ಮುಂದಿನ ಚಿತ್ರದ ರಿಕ್‌ಗೂ ಬೇರೆ ಬೇರೆ ಕೈಗಳು ಎಳೆದ ಗೆರೆಗಳು. ‘ಅವನೇ ಇವನು’ ಎಂದು ಅವನನ್ನು ಓಡಿಸುವುದು ನೋಡುವ ಕಣ್ಣು.

ಶಂಕರರು ಬ್ರಹ್ಮಸೂತ್ರಭಾಷ್ಯದ ಎರಡನೆಯ ಅಧ್ಯಾಯದಲ್ಲಿ ಈ ವಾದವನ್ನು ಎದುರಿಸುತ್ತಾರೆ. ಅಲ್ಲಿ ಸೂತ್ರಕಾರ ತಂದಿಡುವ ಸಾಕ್ಷಿಯೇ ನೆನಪು. ಒಬ್ಬ ಕಂಡದ್ದನ್ನು ಇನ್ನೊಬ್ಬ ನೆನೆಯಲಾರ. ಆದ್ದರಿಂದ ಕಂಡವನೂ ನೆನೆದವನೂ ಒಬ್ಬನೇ ಇರಬೇಕು. ಇದರ ಜತೆಗೆ ಶಂಕರರು ಒಂದು ರಿಯಾಯಿತಿಯನ್ನೂ ಕೊಡುತ್ತಾರೆ, ಅದು ರೋಬೋಟೆಕ್‌ಗೆ ನೇರವಾಗಿ ತಗಲುತ್ತದೆ. ಹೊರಗಿನ ವಸ್ತುವಿನ ವಿಷಯದಲ್ಲಿ ‘ಇದು ಅದೇನಾ, ಅದರಂತಿರುವ ಬೇರೊಂದಾ’ ಎಂಬ ಸಂದೇಹ ಬರಬಹುದು, ಏಕೆಂದರೆ ಅಲ್ಲಿ ಮೋಸ ಸಾಧ್ಯ. ಅರಿಯುವವನ ವಿಷಯದಲ್ಲಿ ಅಂಥ ಸಂದೇಹ ಎಂದೂ ಹುಟ್ಟದು. ನಿನ್ನೆ ಕಂಡ ನಾನು ನಾನೇನಾ, ನನ್ನಂಥ ಇನ್ನೊಬ್ಬನಾ ಎಂದು ಯಾರೂ ಕೇಳಿಕೊಳ್ಳುವುದಿಲ್ಲ.

ಈ ಭಾಷ್ಯದ ಪರಂಪರೆ ಲಾಸ್ ಏಂಜಲೀಸಿಗೆ ರೋಬೋಟೆಕ್‌ಗಿಂತ ಮೊದಲೇ ಬಂದಿತ್ತು. ಸ್ವಾಮಿ ಪ್ರಭವಾನಂದರು 1930ರಲ್ಲಿ ಹಾಲಿವುಡ್‌ನಲ್ಲಿ ವೇದಾಂತ ಕೇಂದ್ರ ಆರಂಭಿಸಿದರು, 1938ರಲ್ಲಿ ಅಲ್ಲಿ ಬಿಳಿ ಗುಮ್ಮಟದ ಪುಟ್ಟ ದೇವಾಲಯ ಎದ್ದಿತು, ಕ್ರಿಸ್ಟೊಫರ್ ಇಶರ್‌ವುಡ್ ಜತೆಗೂಡಿ ಅವರು ಇಂಗ್ಲಿಷಿಗೆ ತಂದ ‘ವಿವೇಕಚೂಡಾಮಣಿ’ 1947ರಲ್ಲಿ ಅಚ್ಚಾಯಿತು. ರೋಬೋಟೆಕ್‌ನ ಸಂಸ್ಥೆಯಿಂದ ಆ ದೇವಾಲಯಕ್ಕೆ ಕಾರಿನಲ್ಲಿ ಹತ್ತಿರದ ದಾರಿ.

ಮತ್ತೆ ನೋಡಿದವರ ಅನುಭವ ಮೇಲ್ನೋಟಕ್ಕೆ ಶಂಕರರ ಮಾತನ್ನು ತಲೆಕೆಳಗು ಮಾಡುತ್ತದೆ. ಡಿವಿಡಿ ತಟ್ಟೆಯಲ್ಲಿರುವ ಕಂತನ್ನು ಚೌಕಟ್ಟು ಚೌಕಟ್ಟಾಗಿ ಹೋಲಿಸಿ ನೋಡಬಹುದು. 2004ರ ಪರಿಷ್ಕೃತ ಆವೃತ್ತಿಯಲ್ಲಿ ಸದ್ದುಗಳನ್ನು ಹೊಸದಾಗಿ ಸೇರಿಸಿದ್ದನ್ನೂ ಪತ್ತೆಹಚ್ಚಬಹುದು. ಸಂದೇಹ ಬರುವುದು ನೋಡುವವನ ಮೇಲೆಯೇ: ‘ಇದನ್ನು ಅಷ್ಟು ಇಷ್ಟಪಟ್ಟವನು ನಾನೇನಾ?’ ಒಂದು ನಿದರ್ಶನ ಸಾಕು. ಮಕ್ಕಳಾಗಿದ್ದಾಗ ಲೀಸಾ ಹೇಯ್ಸ್ ಎಂದರೆ ನಾಯಕನನ್ನು ಸದಾ ಗದರುವ, ವಯಸ್ಸಾದ, ನೀರಸ ಅಧಿಕಾರಿ. ಹಾಡುವ ಮಿನ್ಮೇ ಎಂದರೆ ಪ್ರಾಣ. ಮೂಲದಲ್ಲಿ ಆ ‘ವಯಸ್ಸಾದ’ ಅಧಿಕಾರಿಗೆ ಕಥೆ ಶುರುವಾಗುವಾಗ 19 ವರ್ಷ, ಮಿನ್ಮೇಗೆ 15. ನಲವತ್ತು ದಾಟಿದವರಿಗೆ ಇಬ್ಬರೂ ಮಕ್ಕಳಾಗಿ ಕಾಣುತ್ತಾರೆ. ಹೆತ್ತವರಿಂದಲೂ ಊರಿನಿಂದಲೂ ದೂರವಾಗಿ ಬಾಹ್ಯಾಕಾಶ ಹಡಗಿನ ಒಡಲಲ್ಲಿ ಬದುಕುವ ಹುಡುಗಿಯ ಹಾಡಿಗೆ ಮರುಳಾಗುವ ಬದಲು, ಅವಳಿಗೆ ಊಟ ಆಯಿತೇ ಎಂಬ ಚಿಂತೆ ಶುರುವಾಗುತ್ತದೆ.

ಅದ್ವೈತಿ ಇದಕ್ಕೂ ಉತ್ತರ ಕೊಡಬಲ್ಲ. ಬದಲಾದದ್ದು ರುಚಿ, ವಯಸ್ಸು, ಅಂತಃಕರಣದ ಸಂಸ್ಕಾರ. ‘ನಾನು ಬದಲಾದೆ’ ಎಂದು ಎರಡು ಸ್ಥಿತಿಗಳನ್ನು ಪಕ್ಕಪಕ್ಕ ಇಟ್ಟು ತೂಗುವ ಸಾಕ್ಷಿ ಬದಲಾಗಿಲ್ಲ, ಬದಲಾಗಿದ್ದರೆ ತೂಗುವುದೇ ಸಾಧ್ಯವಿರಲಿಲ್ಲ. ತರ್ಕವಾಗಿ ಇದನ್ನು ಅಲುಗಿಸುವುದು ಕಷ್ಟ. ಆದರೆ ಹಳೆಯ ಧಾರಾವಾಹಿಯ ಮುಂದೆ ಕುಳಿತವರು ಹುಡುಕುತ್ತಿರುವುದು ಸಾಕ್ಷಿಚೈತನ್ಯವನ್ನಲ್ಲ, ಸಂಜೆ ಶಾಲೆಯಿಂದ ಓಡಿಬಂದು ಚೀಲ ಎಸೆದು ಟಿವಿ ಹಾಕಿದ ಆ ಹುಡುಗನನ್ನು. ಅವನ ಬಗ್ಗೆ ವೇದಾಂತಕ್ಕೆ ಅಷ್ಟಾಗಿ ಆಸಕ್ತಿಯಿಲ್ಲ. ಹಾಲು ಮೊಸರಾಗುವ ಮಿಲಿಂದಪಞ್ಹದ ಇನ್ನೊಂದು ಉಪಮೆಯೇ ಇಲ್ಲಿ ಹೆಚ್ಚು ಪ್ರಾಮಾಣಿಕ: ಮೊಸರು ಹಾಲಲ್ಲ, ಹಾಲಿಲ್ಲದೆ ಬಂದದ್ದೂ ಅಲ್ಲ, ಮತ್ತೆ ಹಾಲಾಗುವುದೂ ಇಲ್ಲ.

ಅಂದಿನ ನೆನಪಿಗೂ ಇಂದಿನ ನೋಟಕ್ಕೂ ನಡುವಿನ ಜಗಳವನ್ನು ಬಿಡಿಸುವವರು ಉಡುಪಿಯ ಕಡೆಯಿಂದ ಬರುತ್ತಾರೆ. ನ್ಯಾಯದರ್ಶನ ನೆನಪನ್ನು ಪ್ರಮಾಣವೆಂದು ಒಪ್ಪುವುದಿಲ್ಲ. ಮಧ್ವರ ಪರಂಪರೆ ಒಪ್ಪುತ್ತದೆ: ವಸ್ತು ಇದ್ದಂತೆ ತಿಳಿಸುವುದೆಲ್ಲ ಪ್ರಮಾಣವಾದರೆ ನೆನಪನ್ನು ಹೊರಗಿಡಲು ಕಾರಣವಿಲ್ಲ. ವಸ್ತು ಈಗ ಹಾಗಿಲ್ಲವಲ್ಲ ಎಂಬ ಆಕ್ಷೇಪಕ್ಕೆ ಆ ಪರಂಪರೆಯ ಜಯತೀರ್ಥರ ದಾರಿಯ ಸಮಾಧಾನ ಇದು: ನೆನಪು ಹೇಳುವುದು ‘ಆಗ ಅದು ಹಾಗಿತ್ತು’ ಎಂದು, ‘ಈಗ ಹಾಗಿದೆ’ ಎಂದಲ್ಲ. ಬಾಲ್ಯದ ಧಾರಾವಾಹಿಯನ್ನು ಮತ್ತೆ ನೋಡಿ ‘ಛೆ, ಇಷ್ಟೇನಾ’ ಎಂದು ನಿರಾಶರಾಗುವವರು ಇಂದಿನ ನೋಟ ಅಂದಿನ ನೆನಪನ್ನು ಸುಳ್ಳುಮಾಡಿತು ಎಂದು ಭಾವಿಸುತ್ತಾರೆ. ಚಿತ್ರಗಳು ಒರಟು, ಸಂಭಾಷಣೆ ಅವಸರದ್ದು, ತುಟಿಗೂ ಮಾತಿಗೂ ಹೊಂದಿಕೆಯಿಲ್ಲ ಎಂಬುದೆಲ್ಲ ಇಂದಿನ ಪ್ರತ್ಯಕ್ಷ. ಅಂದು ಆ ಎಂಟು ವರ್ಷದ ಮನಸ್ಸಿಗೆ ಅದು ಆಕಾಶದಷ್ಟು ದೊಡ್ಡದಾಗಿತ್ತು ಎಂಬುದು ನೆನಪು. ಎರಡರ ಕಾಲ ಬೇರೆ, ಆದ್ದರಿಂದ ವಿರೋಧವಿಲ್ಲ. ಮಧ್ವಮತದ ವಾಸ್ತವವಾದ ಇಂಥ ಕಡೆ ಎಷ್ಟು ಉದಾರವಾಗಬಲ್ಲದು ಎಂಬುದನ್ನು ಅದನ್ನು ಟೀಕಿಸುವವರು ಸಾಮಾನ್ಯವಾಗಿ ಗಮನಿಸುವುದಿಲ್ಲ.

ಉಳಿಯುವುದು ಸವಿಯ ಪ್ರಶ್ನೆ. ರೋಬೋಟೆಕ್‌ನ ಹದಿನೆಂಟನೆಯ ಕಂತಿನಲ್ಲಿ ನಾಯಕನಿಗೆ ಅಣ್ಣನಂತಿದ್ದ ರಾಯ್ ಫೋಕರ್ ಸಾಯುತ್ತಾನೆ. ಯುದ್ಧದಲ್ಲಿ ಆದ ಗಾಯವನ್ನು ಬಚ್ಚಿಟ್ಟುಕೊಂಡು ಪ್ರೇಯಸಿ ಕ್ಲಾಡಿಯಾಳ ಮನೆಗೆ ಬರುತ್ತಾನೆ. ಅವಳು ಅವನಿಗಿಷ್ಟವಾದ ಅನಾನಸ್ ಸಲಾಡ್ ಮಾಡುತ್ತಿದ್ದಾಳೆ. ಗಿಟಾರ್ ನುಡಿಸುತ್ತ ಕುಳಿತವನು ಕುಸಿಯುತ್ತಾನೆ. ಮಕ್ಕಳ ಕಾರ್ಟೂನಿನಲ್ಲಿ ಯಾರೂ ಸಾಯಬಾರದು ಎಂಬ ಅಲಿಖಿತ ಕಟ್ಟಳೆಯಿದ್ದ ಕಾಲದಲ್ಲಿ ಮೇಸೆಕ್ ಈ ಸಾವನ್ನು ಉಳಿಸಿಕೊಂಡರು. ಅವರ ಮೇಲಿನ ಆಪಾದನೆಗಳನ್ನು ಎಣಿಸುವವರು ಇದನ್ನೂ ಎಣಿಕೆಗೆ ಹಿಡಿಯಬೇಕು. ಈ ಕಂತನ್ನು ಮತ್ತೆ ನೋಡುವಾಗ ಕಣ್ಣೀರು ಬರುತ್ತದೆ ಎನ್ನುವವರು ಬಹಳ. ಆ ಕಣ್ಣೀರು ಕರುಣರಸವೇ?

ಅಭಿನವಗುಪ್ತ ಭರತನ ನಾಟ್ಯಶಾಸ್ತ್ರದ ವ್ಯಾಖ್ಯೆಯಲ್ಲಿ ರಸಾನುಭವಕ್ಕೆ ಅಡ್ಡಬರುವ ಏಳು ವಿಘ್ನಗಳನ್ನು ಹೇಳುತ್ತಾನೆ. ಅವುಗಳಲ್ಲಿ ಒಂದು, ಪ್ರೇಕ್ಷಕ ತನ್ನ ಸ್ವಂತ ಸುಖದುಃಖಗಳಿಗೆ ವಶನಾಗಿಬಿಡುವುದು. ಮಗನ ನೆನಪಲ್ಲಿ ಅಳುವ ತಂದೆ ರಂಗದ ದಶರಥನನ್ನು ನೋಡುತ್ತಿಲ್ಲ. ಈ ಅಳತೆಗೋಲು ಹಿಡಿದರೆ ಹಳಹಳಿಕೆ ಒಂದು ರಸವಿಘ್ನ. ರಾಯ್ ಸತ್ತನೆಂದು ಅತ್ತವನು ಎಂಟು ವರ್ಷದ ಹುಡುಗ. ಆ ಹುಡುಗ ಇಲ್ಲವಾದನೆಂದು ಅಳುತ್ತಿರುವವನು ನಲವತ್ತರವನು. ಮೊದಲನೆಯವನೇ ಸಹೃದಯನಿಗೆ ಹತ್ತಿರ, ಏಕೆಂದರೆ ಅವನಿಗೆ ಆ ಹೊತ್ತಿನಲ್ಲಿ ತನ್ನದೆಂಬುದು ಏನೂ ಇರಲಿಲ್ಲ. ಮೈಸೂರಿನ ಎಂ. ಹಿರಿಯಣ್ಣನವರು ಕಲಾನುಭವವನ್ನು ಮೋಕ್ಷಕ್ಕೆ ಹೋಲಿಸುತ್ತಲೇ ಅದು ಕ್ಷಣಿಕವೆಂದು ಎಚ್ಚರಿಸಿದ್ದರು. ಮಕ್ಕಳಿಗೆ ಆ ಕ್ಷಣ ಸುಲಭವಾಗಿ ಕೈಸೇರುತ್ತದೆ, ದೊಡ್ಡವರು ಅದಕ್ಕೆ ಸಾಧನೆ ಮಾಡಬೇಕಾಗುತ್ತದೆ.

ಆದರೆ ಅಭಿನವಗುಪ್ತನೇ ಇದಕ್ಕೆ ಎದುರಾದ ಇನ್ನೊಂದು ಬಾಗಿಲನ್ನೂ ತೆರೆದಿಟ್ಟಿದ್ದಾನೆ. ಶಾಕುಂತಲದ ಐದನೆಯ ಅಂಕದಲ್ಲಿ ಹಂಸಪದಿಕೆಯ ಹಾಡು ಕೇಳಿ ದುಷ್ಯಂತನಿಗೆ ಕಾರಣ ತಿಳಿಯದ ಕಳವಳ ಹುಟ್ಟುತ್ತದೆ. ಅದು ಹಿಂದಿನ ಜನ್ಮಗಳ ನಂಟಿನ ನೆನಪಿರಬಹುದು ಎಂದುಕೊಳ್ಳುತ್ತಾನೆ. ರಸದ ಚರ್ಚೆಯಲ್ಲಿ ಅಭಿನವ ಈ ಪದ್ಯವನ್ನೇ ಎತ್ತಿಕೊಳ್ಳುತ್ತಾನೆ. ವಾಸನೆಯಿಲ್ಲದವನಿಗೆ, ಅಂದರೆ ಹಿಂದಿನ ಅನುಭವದ ಅಚ್ಚು ಒಳಗೆ ಉಳಿದಿರದವನಿಗೆ, ರಸವಿಲ್ಲ ಎಂಬುದು ಅವನ ಮತ. ಹಾಗಾದರೆ ಬಾಲ್ಯದ ನೋಟ ಬಿಟ್ಟುಹೋದ ವಾಸನೆಯೇ ಇಂದಿನ ಸವಿಗೆ ಮಣ್ಣು. ಎರಡರ ನಡುವೆ ಗೆರೆ ಎಳೆಯುವುದು ಕಷ್ಟವಲ್ಲ: ‘ಆಗ ನಾನು ಎಷ್ಟು ಸುಖವಾಗಿದ್ದೆ’ ಎಂಬ ಲೆಕ್ಕ ವಿಘ್ನ, ಯಾವುದೆಂದು ತಿಳಿಯದೆ ಕಲಕುವುದು ವಾಸನೆ. ಎಲ್ಲವನ್ನೂ ಹೆಸರಿಟ್ಟು ಜೋಪಾನ ಮಾಡುವ ಅಭಿಮಾನಿಗೆ ಎರಡನೆಯದು ದುರ್ಲಭವಾಗುತ್ತದೆ.

ಹೆಸರಿಟ್ಟು ಜೋಪಾನ ಮಾಡುವ ಕೆಲಸಕ್ಕೆ ಸ್ಯಾನ್ ಡಿಯಾಗೊ ಕ್ಷೇತ್ರವಾಗಿದೆ. ಅಲ್ಲಿನ ಕಾಮಿಕ್-ಕಾನ್ 1970ರಲ್ಲಿ ಯು.ಎಸ್. ಗ್ರಾಂಟ್ ಹೋಟೆಲಿನಲ್ಲಿ ಸುಮಾರು 300 ಜನರಿಂದ ಶುರುವಾಗಿ ಇಂದು ಲಕ್ಷ ಮೀರಿದ ಜನ ಸೇರುವ ಜಾತ್ರೆ. ತೆಜುಕಾ 1980ರಲ್ಲಿ ಸ್ವತಃ ಅಲ್ಲಿಗೆ ಬಂದಿದ್ದರು. ಅವರ ಚಿತ್ರಕಥೆ ‘ಬುದ್ಧ’ಕ್ಕೆ 2004 ಮತ್ತು 2005ರಲ್ಲಿ ಐಸ್ನರ್ ಪ್ರಶಸ್ತಿ ಸಂದದ್ದೂ ಅಲ್ಲೇ. ಅದೇ ನಗರದ ಲಾ ಹೋಯಾದಲ್ಲಿದ್ದ ವೈಲ್ಡ್‌ಸ್ಟಾರ್ಮ್ ಸಂಸ್ಥೆ 2002ರಿಂದ ರೋಬೋಟೆಕ್ ಕಥೆಗಳನ್ನು ಕಾಮಿಕ್ಸ್ ಆಗಿ ಹೊಸದಾಗಿ ಹೊರತಂದಿತು. ನೆನಪು ವ್ಯಾಪಾರವಾಯಿತು ಎಂದು ಮೂಗು ಮುರಿಯುವುದು ಸುಲಭ. ಆದರೆ ಧರ್ಮಸ್ಥಳ ಮೇಳದ ಆಟಕ್ಕೆ ವರ್ಷ ವರ್ಷವೂ ಹೋಗಿ ಕುಳಿತು, ಹಿಂದಿನ ವೇಷಗಾರರ ಮುಂದೆ ಈಗಿನವರು ಏನೂ ಅಲ್ಲ ಎಂದು ಆಟ ಮುಗಿಯುವವರೆಗೆ ಗೊಣಗುವ ಹಿರಿಯರು ಬೇರೇನು ಮಾಡುತ್ತಿದ್ದಾರೆ? ಒಂದೇ ವ್ಯತ್ಯಾಸವೆಂದರೆ ಯಕ್ಷಗಾನದ ಆಟಕ್ಕೆ ಮೂಲಪ್ರತಿಯಿಲ್ಲ. ಪ್ರತಿ ರಾತ್ರಿಯ ಅಭಿಮನ್ಯು ಹೊಸಬ. ಹಾಗಾಗಿ ಅಲ್ಲಿ ನೆನಪನ್ನು ತಟ್ಟೆ ಹಾಕಿ ಪರೀಕ್ಷಿಸುವ ಸಂಕಟವಿಲ್ಲ.

ಮ್ಯಾಕ್ರೋಸ್ ಮತ್ತು ರೋಬೋಟೆಕ್ ಹಕ್ಕುಗಳ ಬಗ್ಗೆ ಜಪಾನಿನ ಬಿಗ್‌ವೆಸ್ಟ್ ಮತ್ತು ಹಾರ್ಮನಿ ಗೋಲ್ಡ್ ನಡುವೆ ಎರಡು ದಶಕ ನಡೆದ ವ್ಯಾಜ್ಯ 2021ರ ಏಪ್ರಿಲ್‌ನಲ್ಲಿ ಒಪ್ಪಂದದಿಂದ ಮುಗಿಯಿತು. ಮೂಲವೂ ಮರುಕಥನವೂ ಈಗ ಕಾನೂನಿನ ಕಣ್ಣಲ್ಲಿ ಅಕ್ಕಪಕ್ಕ ಬದುಕಬಹುದು.

ಪ್ರತ್ಯಭಿಜ್ಞೆಯ ಅತ್ಯಂತ ವಿಲಕ್ಷಣ ಪ್ರಸಂಗ ಮಾತ್ರ ಪ್ರೇಕ್ಷಕರಿಗೆ ಸೇರಿದ್ದಲ್ಲ. 1982ರಲ್ಲಿ ಟೋಕಿಯೊದಲ್ಲಿ ಮಿನ್ಮೇಗೆ ದನಿ ಕೊಟ್ಟು ಹಾಡಿದವರು ಮಾರಿ ಈಜಿಮಾ. ಆಗ ಅವರಿಗೆ 19 ವರ್ಷ. ರೋಬೋಟೆಕ್‌ನಲ್ಲಿ ಆ ದನಿ ಅಳಿಸಿಹೋಗಿ ಬೇರೊಬ್ಬರ ಇಂಗ್ಲಿಷ್ ದನಿ ಬಂತು. ಈಜಿಮಾ 1989ರಲ್ಲಿ ಲಾಸ್ ಏಂಜಲೀಸಿಗೆ ಬಂದು ನೆಲೆಸಿದರು, ತಮ್ಮ ಪಾತ್ರ ತಮ್ಮ ದನಿಯಿಲ್ಲದೆ ಹೆಸರಾಗಿದ್ದ ಊರಿಗೆ. 2006ರಲ್ಲಿ ಮ್ಯಾಕ್ರೋಸ್‌ನ ಮೂಲಪಾಠವನ್ನು ಹೊಸದಾಗಿ ಇಂಗ್ಲಿಷಿಗೆ ಡಬ್ ಮಾಡಿದಾಗ ಮಿನ್ಮೇಯ ಮಾತುಗಳನ್ನು ಆಡಿದವರು ಅವರೇ. ತೆರೆಯ ಮೇಲೆ ಹುಡುಗಿಗೆ ಇನ್ನೂ ಹದಿನೈದು. ಮೈಕಿನ ಮುಂದೆ ನಿಂತವರು ನಲವತ್ತು ದಾಟಿದ್ದರು, ಆಡುತ್ತಿದ್ದದ್ದು ಹುಟ್ಟುನುಡಿಯಲ್ಲದ ಭಾಷೆ, ಹೊಂದಿಸಬೇಕಾಗಿದ್ದದ್ದು ಇಪ್ಪತ್ತನಾಲ್ಕು ವರ್ಷ ಹಿಂದೆ ತಮ್ಮದೇ ಜಪಾನಿ ಮಾತಿನೊಂದಿಗೆ ಪ್ರಸಾರವಾದ ತುಟಿಯ ಚಲನೆಗೆ. ಕೆಲವು ಕೇಳುಗರು ದನಿ ಮಾಗಿದೆ, ಉಚ್ಚಾರ ಬೇರೆಯಿದೆ ಎಂದರು. ಅದು ನಿಜವೇ. ಇನ್ನು ಕೆಲವರಿಗೆ ಮೊದಲ ಮಾತಿಗೇ ಗುರುತು ಸಿಕ್ಕಿತು.